ಮನೆ ಬಿಟ್ಟವರು, ಮನೆಗೆ ಬಂದವರು: ಧರ್ಮಾನಂದ ಕೋಸಂಬಿಯವರ ದಾರಿ



ಗೋವೆಯಲ್ಲಿ ದುಡಿಯುವ ನಮ್ಮ ಕಡೆಯ ಜನರಿಗೆ ಕೊರ್ತಾಲಿಮ್ ಹೊಸ ಹೆಸರಲ್ಲ. ಜುವಾರಿ ಸೇತುವೆ ದಾಟಿದ ಕೂಡಲೇ ಸಿಗುವ ಈ ಊರನ್ನು ಅಲ್ಲಿಯವರು ಕುಠ್ಠಾಳಿ ಎನ್ನುತ್ತಾರೆ. ಅದರ ನೆರೆಯದೇ ಸಾಂಕವಾಳ. ಉತ್ತರ ಕರ್ನಾಟಕದಿಂದ ಹೋಗಿ ನೆಲೆಸಿದ ಎಷ್ಟೋ ಕುಟುಂಬಗಳಿರುವ ಜುವಾರಿನಗರವು ಆ ಪಂಚಾಯತಿಗೇ ಸೇರಿದ್ದು. ಆ ಸಾಂಕವಾಳದಲ್ಲಿ 1876ರ ಅಕ್ಟೋಬರ್ 9ರಂದು ಹುಟ್ಟಿದ ಧರ್ಮಾನಂದ ಕೋಸಂಬಿಯವರ ಜೀವನವನ್ನು ಈ ಸಲದ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಅವರು ನಮ್ಮ ಪರಂಪರೆಯವರಲ್ಲ, ಬೌದ್ಧ ವಿದ್ವಾಂಸರು. ಆದರೆ ಸಮಾಜ ಹಾಕಿಕೊಟ್ಟ ದಾರಿ ಬಿಟ್ಟು ನಡೆಯುವುದೆಂದರೇನು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ಏಳುತ್ತಿರುವುದರಿಂದ ಇವರ ಬದುಕು ಅಭ್ಯಾಸಕ್ಕೆ ಯೋಗ್ಯವಾಗಿದೆ.

ಆಗ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಕೋಸಂಬಿಯವರದು ಸಾರಸ್ವತ ಬ್ರಾಹ್ಮಣ ಮನೆತನ. ಶಾಲೆಯ ಓದು ಹೆಚ್ಚು ಸಿಗಲಿಲ್ಲ. 1891ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ಬಾಲಾಬಾಯಿಯವರೊಡನೆ ಮದುವೆಯಾಯಿತು. ಮುಂದೆ ತಂದೆಯ ತೆಂಗಿನ ತೋಟ ನೋಡಿಕೊಂಡು ಸಂಸಾರ ನಡೆಸಬೇಕು, ಎಲ್ಲರ ನಿರೀಕ್ಷೆ ಅಷ್ಟೇ. ತೋಟದ ಕೆಲಸದ ನಡುವೆ ಮರಾಠಿ ಪುಸ್ತಕಗಳನ್ನು ಓದುತ್ತಿದ್ದ ಈ ಯುವಕನಿಗೆ ಬುದ್ಧನ ಚರಿತ್ರೆ ಸಿಕ್ಕಿತು, ಮನಸ್ಸು ಅಲ್ಲಿಯೇ ನಿಂತಿತು. ಅದನ್ನು ಮೂಲದಲ್ಲಿ ತಿಳಿಯಬೇಕಾದರೆ ಸಂಸ್ಕೃತ ಬೇಕು, ಕಲಿಸುವವರು ಊರಿನಲ್ಲಿಲ್ಲ. 1899ರಲ್ಲಿ ಎಳೆಯ ಮಗಳನ್ನೂ ಹೆಂಡತಿಯನ್ನೂ ಬಿಟ್ಟು ಹೊರಟರು.

ಪುಣೆ, ಗ್ವಾಲಿಯರ್, ಕಾಶಿ. ಕಾಶಿಯಲ್ಲಿ ಅನ್ನಛತ್ರದ ಊಟ ಮಾಡಿಕೊಂಡು ಸಂಸ್ಕೃತ ಕಲಿತರು. ಬೌದ್ಧ ಧರ್ಮ ಜೀವಂತವಾಗಿದೆಯೆಂದು ಕೇಳಿ ನೇಪಾಳಕ್ಕೆ ಹೋದರೆ ಅಲ್ಲಿ ಕಂಡದ್ದು ನಿರಾಶೆ. ಬುದ್ಧಗಯೆಗೆ ಹೋಗಿ, 1902ರಲ್ಲಿ ಸಿಂಹಳ ಸೇರಿ, ಕೊಲಂಬೊದ ವಿದ್ಯೋದಯ ವಿದ್ಯಾಲಯದಲ್ಲಿ ಸುಮಂಗಲ ಮಹಾಥೇರರ ಬಳಿ ಪಾಳಿ ಓದಿದರು. ಭಿಕ್ಷುವಾಗಿ ಬರ್ಮಾದಲ್ಲಿಯೂ ಇದ್ದರು. ಇಂಗ್ಲಿಷೂ ಸರಿಯಾಗಿ ಬಾರದ, ಕೈಯಲ್ಲಿ ಕಾಸಿಲ್ಲದ ಮನುಷ್ಯನ ಪ್ರಯಾಣವಿದು ಎಂಬುದನ್ನು ಮರೆಯಬಾರದು.

ಇಲ್ಲಿಯವರೆಗಿನ ಕಥೆ ಕೇಳಲು ರೋಮಾಂಚಕ. ಆದರೆ ಸದ್ಭಕ್ತರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಅಲೆದಾಟದ ವಿವರವನ್ನು ನಾವು ಅವರು 1924ರಲ್ಲಿ ಪ್ರಕಟಿಸಿದ 'ನಿವೇದನ' ಎಂಬ ಮರಾಠಿ ಆತ್ಮಕಥೆಯಲ್ಲಿ ಓದುತ್ತೇವೆ. ಅದೇ ವರ್ಷಗಳನ್ನು ಕೂಸು ಕಟ್ಟಿಕೊಂಡು ಕಳೆದ ಬಾಲಾಬಾಯಿಯವರು ಯಾವ ಪುಸ್ತಕ ಬರೆಯಲಿಲ್ಲ. ಗಂಡ ಬಿಟ್ಟು ಹೋದ ಹೆಣ್ಣಿಗೆ ನೂರು ವರ್ಷದ ಹಿಂದೆ ಜನ ಏನೆಂದಿರಬಹುದೆಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟಳು. ಅಲ್ಲಿ ಅವಳನ್ನು ನೆಚ್ಚಿ ಕುಳಿತ ಕೂಸಿರಲಿಲ್ಲ. ಎರಡು ತ್ಯಾಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕೋಸಂಬಿಯವರ ದೊಡ್ಡತನ ಹೊರಟು ಹೋದದ್ದರಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಹಿಂದಿರುಗಿದ ರೀತಿಯಲ್ಲಿದೆ. 1906ರಲ್ಲಿ ಭಿಕ್ಷುವಿನ ಚೀವರವನ್ನು ತೆಗೆದಿಟ್ಟು ಕಲ್ಕತ್ತೆಯಲ್ಲಿ ಪಾಳಿ ಕಲಿಸತೊಡಗಿದರು, ಮತ್ತೆ ಹೆಂಡತಿ ಮಗಳ ಬಳಿಗೆ ಬಂದರು. ಚೀವರ ಉಟ್ಟಾಗ ಕೆಲವರು ನಕ್ಕಿರಬಹುದು, ತೆಗೆದಾಗ ಇನ್ನು ಕೆಲವರು. ಎರಡೂ ಸಲ ಅವರು ನೋಡಿದ್ದು ವಿದ್ಯೆಯನ್ನು, ಜನರ ಮುಖವನ್ನಲ್ಲ. ಕಲ್ಕತ್ತೆಯಲ್ಲಿ ಒಳ್ಳೆಯ ಸಂಬಳವಿತ್ತು. ಕಲಿತದ್ದು ತನ್ನ ಭಾಷೆಯ ಜನಕ್ಕೆ ಮುಟ್ಟಬೇಕೆಂದು ಅದನ್ನು ಬಿಟ್ಟು, ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಡುತ್ತಿದ್ದ ತಿಂಗಳ 50 ರೂಪಾಯಿಗೆ ಒಪ್ಪಿದರು. ಆಯ್ದಕ್ಕಿ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಲಕ್ಕಮ್ಮ ಮರಳಿ ಕಳಿಸಿದ ಪ್ರಸಂಗ ಬಲ್ಲವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ.

1910ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಕರೆ ಬಂತು. 'ವಿಸುದ್ಧಿಮಗ್ಗ' ಎಂಬ ಪಾಳಿ ಗ್ರಂಥದ ಸಂಶೋಧನೆಗಾಗಿ ಅವರು ಅಲ್ಲಿಗೆ ಹಲವು ಸಲ ಹೋದರು. ಆ ಗ್ರಂಥ ಹಾರ್ವರ್ಡ್ ಮಾಲೆಯಲ್ಲಿ ಹೊರಬಂದದ್ದು 1950ರಲ್ಲಿ, ಅವರು ತೀರಿಕೊಂಡ ಮೇಲೆ. 1912ರಿಂದ ಆರು ವರ್ಷ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಕಲಿಸಿದರು. 1918ರಲ್ಲಿ ಮತ್ತೆ ಅಮೆರಿಕಕ್ಕೆ ಹೊರಟಾಗ ಒಬ್ಬರೇ ಹೋಗಲಿಲ್ಲ. ಹಿಂದೆ ಬಿಟ್ಟುಹೋಗಿದ್ದ ಅದೇ ಮಗಳು ಮಾಣಿಕಳನ್ನೂ 1907ರಲ್ಲಿ ಹುಟ್ಟಿದ ಮಗ ದಾಮೋದರನನ್ನೂ ಓದಿಗಾಗಿ ಕರೆದುಕೊಂಡು ಹೋದರು. ಆ ದಾಮೋದರನೇ ಮುಂದೆ ಗಣಿತಜ್ಞ, ಇತಿಹಾಸಕಾರ ಡಿ. ಡಿ. ಕೋಸಂಬಿ ಎಂದು ಹೆಸರಾದರು.

ಮುಂದೆ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆ ಕಂಡರು. 1937ರಲ್ಲಿ ಮುಂಬಯಿಯ ಪರೇಲಿನಲ್ಲಿ, ಗಿರಣಿ ಕಾರ್ಮಿಕರ ನಡುವೆ, 'ಬಹುಜನ ವಿಹಾರ' ಕಟ್ಟಿದರು. 1947ರ ಜೂನ್‌ನಲ್ಲಿ ಸೇವಾಗ್ರಾಮದಲ್ಲಿ ದೇಹ ಬಿಟ್ಟರು.

ಮುಂದಿನ ಗೋಷ್ಠಿಯಲ್ಲಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳೋಣ. ಮಗನೋ ಮಗಳೋ ಬೇರೆ ದಾರಿ ಹಿಡಿಯುತ್ತೇನೆಂದಾಗ ಹಿರಿಯರು ಮೊದಲು ಕೇಳುವುದು "ನಾಲ್ಕು ಮಂದಿ ಏನಂದಾರು?" ಎಂದು. ಅದರ ಬದಲು ಏನು ಕೇಳಬೇಕಾಗಿತ್ತು? ಹೊರಡುವವರು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ನನ್ನ ದಾರಿಯ ಖರ್ಚನ್ನು ಮನೆಯಲ್ಲಿ ಯಾರು ಭರಿಸುತ್ತಿದ್ದಾರೆ? ಈ ಎರಡನೆಯದಕ್ಕೆ ಉತ್ತರವನ್ನು ಅಕ್ಕನ ಬಳಗದ ಸದಸ್ಯೆಯರೇ ಮೊದಲು ಹೇಳಲಿ. ಗಂಡಸರು ಅಲ್ಲಿಯವರೆಗೆ ಕೇಳಿಸಿಕೊಳ್ಳಲಿ.