ಎರಡು ಸೀಟಿನ ಕಾರು, ಒಂದು ಫೈಲು ರಸೀದಿ

ಮಜ್ದಾ ಎಂದರೆ ಕರ್ನಾಟಕದಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಕಣ್ಣಮುಂದೆ ಬರುವುದು ಸ್ವರಾಜ್ ಮಜ್ದಾ. ಶಾಲೆ ಮಕ್ಕಳನ್ನು ತುಂಬಿಕೊಂಡ ಮಿನಿ ಬಸ್ಸು, ಇಲ್ಲವೇ ಮದುವೆ ದಿಬ್ಬಣದ ಗಾಡಿ. ಅದೇ ಮಜ್ದಾ ಜಪಾನಿನ ಹಿರೋಶಿಮಾದಲ್ಲಿ ಎರಡೇ ಸೀಟಿನ, ಟಾಪ್ ಮಡಚಿ ಹಿಂದಕ್ಕೆ ಹಾಕಬಹುದಾದ ಪುಟ್ಟ ಕಾರನ್ನೂ ಮಾಡುತ್ತದೆಂದು ನನಗೆ ಗೊತ್ತಾದದ್ದು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ. ಕಂಪನಿಯ ಲೆಕ್ಕದಲ್ಲಿ ಅದು ಎಂಎಕ್ಸ್-5, ಇಲ್ಲಿನ ಜನರ ಬಾಯಲ್ಲಿ ಮಿಯಾಟಾ. ಸೆಕೆಂಡ್ ಹ್ಯಾಂಡ್ ಮಿಯಾಟಾ ಕೊಳ್ಳಬೇಕೆಂದು ನಮ್ಮ ಕನ್ನಡ ಕೂಟದ ಹುಡುಗರು ಆಗಾಗ ನನ್ನನ್ನು ಹಿಡಿದು ಕೇಳುತ್ತಾರೆ. ಅವರೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟಕ್ಕೆ ಸಿಗುತ್ತೆ ಸಾರ್? ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಆಗಿ ಬರಬೇಕಾದ ಪ್ರಶ್ನೆ.

ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ಬಂದದ್ದು ಅಡುಗೆಮನೆಯಿಂದ. "ನಾಲ್ಕು ಜನ ಇರೋ ಮನೇಲಿ ಇಬ್ಬರು ಕೂರೋ ಕಾರು ತಗೊಂಡು ಏನ್ರೀ ಮಾಡ್ತೀರಾ?" ನ್ಯಾಯವಾದ ಮಾತು. ಇಂಥ ಕಾರು ಆಟಿಕೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತರಕಾರಿಗೆ, ಮಕ್ಕಳ ಈಜಿನ ಕ್ಲಾಸಿಗೆ, ಅಪ್ಪ ಅಮ್ಮ ಊರಿಂದ ಬಂದಾಗ ಏರ್‌ಪೋರ್ಟಿಗೆ ಬೇರೆ ಗಾಡಿ ಇದ್ದೇ ಇದೆ. ಮನೆಗೆ ಬೇಕಾದ ಕಾರಿಗೆ ಹಾಕುವ ಲೆಕ್ಕವನ್ನೇ ಆಟಿಕೆಗೂ ಹಾಕಿದರೆ ಯಾವತ್ತೂ ತಾಳೆಯಾಗುವುದಿಲ್ಲ.

ನಾನು ಹಾಕಿದ ಲೆಕ್ಕ ಹೀಗಿದೆ. 2002ರ ಮಾಡೆಲ್ಲಿನ ಮಿಯಾಟಾಕ್ಕೆ ಏಳೂವರೆ ಸಾವಿರ ಡಾಲರ್ ಕೊಟ್ಟೆ. ಇಪ್ಪತ್ತು ವರ್ಷ ದಾಟಿದ ಈ ಕಾರಿನ ಬೆಲೆ ಎಷ್ಟು ಇಳಿಯಬೇಕೋ ಅಷ್ಟು ಹಿಂದಿನವರ ಕೈಯಲ್ಲೇ ಇಳಿದಾಗಿದೆ. ಚೆನ್ನಾಗಿ ನೋಡಿಕೊಂಡರೆ ನಾಲ್ಕು ವರ್ಷ ಬಿಟ್ಟು ಹೆಚ್ಚುಕಡಿಮೆ ಅದೇ ಬೆಲೆಗೆ ಹೋಗುತ್ತದೆ. ಹಾಗೆಂದು ಇದು ಹೂಡಿಕೆ ಎನ್ನುವವರ ಮಾತು ನಂಬಬೇಡಿ. ಆ ದುಡ್ಡು ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರುತ್ತಿತ್ತು, ಇಲ್ಲಿ ಬರುವುದು ಇನ್ಶೂರೆನ್ಸ್ ಬಿಲ್ಲು. ಕೈಬಿಟ್ಟು ಹೋಗುವ ಹಣ ಬೇರೆಯೇ ಇದೆ: ಕೊಂಡಾಗ ಕಟ್ಟಿದ ತೆರಿಗೆ (ಬೇ ಏರಿಯಾದಲ್ಲಿ ಶೇಕಡಾ 9ರ ಮೇಲೆ), ಆಮೇಲೆ ವಿಮೆ, ರಿಜಿಸ್ಟ್ರೇಷನ್, ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ, ಆಯಿಲ್ಲು, ಟೈರು. ಇದರ ಜೊತೆಗೆ ಒಂದಲ್ಲ ಒಂದು ದಿನ ಬಂದೇ ಬರುವ ಕ್ಲಚ್ಚು ಮತ್ತು ಹೊಸ ಬಟ್ಟೆ ಟಾಪಿಗೆಂದು ತೆಗೆದಿಡುವ ಹಣ. ಟಾಪ್ ಒಂದನ್ನೇ ಅಂಗಡಿಯಲ್ಲಿ ಹಾಕಿಸಿದರೆ ಸಾವಿರ ಡಾಲರಿನ ಮೇಲಾಗುತ್ತದೆ. ಎಲ್ಲ ಸೇರಿಸಿ ನನಗೆ ವರ್ಷಕ್ಕೆ ಸಾವಿರದೆಂಟುನೂರರ ಆಸುಪಾಸು ಬೀಳುತ್ತದೆ, ಅಂದರೆ ತಿಂಗಳಿಗೆ ನೂರೈವತ್ತು. ಇಲ್ಲಿ ನಾಲ್ಕು ಜನ ಒಂದು ಸಲ ಒಳ್ಳೆಯ ಹೋಟೆಲಿಗೆ ಹೋಗಿ ಬಂದರೆ ಅಷ್ಟಾಗುತ್ತದೆ.

ಹೊಸ ಮಿಯಾಟಾ ಶುರುವಾಗುವುದೇ ಮೂವತ್ತು ಸಾವಿರ ಡಾಲರಿನ ಹತ್ತಿರ. ಅದಕ್ಕೆ ಕಟ್ಟುವ ತೆರಿಗೆಯಲ್ಲೇ ನನ್ನ ಕಾರು ಒಂದೂವರೆ ವರ್ಷ ಓಡುತ್ತದೆ.

ಬೆಲೆಯ ವಿಷಯ ಪಕ್ಕಕ್ಕಿಟ್ಟು ಎರಡು ಕಾರುಗಳ ಕತೆ ಹೇಳುತ್ತೇನೆ. ನಾನು ಹುಡುಕುತ್ತಿದ್ದಾಗ ಒಂದೇ ವಾರದಲ್ಲಿ ಎದುರಾದವು ಇವು. ಮೊದಲನೆಯದು ಓಡಿದ್ದು ಮೂವತ್ತೆಂಟು ಸಾವಿರ ಮೈಲಿ, ಗ್ಯಾರೇಜಿನಲ್ಲೇ ಕವರ್ ಹೊದ್ದು ಬೆಳೆದ ಕೂಸು, ಬಣ್ಣ ಕನ್ನಡಿಯಂತೆ. ಹತ್ತು ಸಾವಿರ ಹೇಳಿದರು. ಟೈರಿನ ಪಕ್ಕೆಯ ಮೇಲೆ ತಯಾರಾದ ವಾರ ಮತ್ತು ವರ್ಷದ ನಾಲ್ಕಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಈ ಕಾರಿನ ಟೈರುಗಳಿಗೆ ಹನ್ನೆರಡು ವರ್ಷ ವಯಸ್ಸಾಗಿತ್ತು, ಮೇಲೆ ಗೆರೆ ಆಳವಾಗಿಯೇ ಇದ್ದರೂ ರಬ್ಬರು ಉಗುರಿಗೆ ಕಲ್ಲಿನಂತೆ ಸಿಗುತ್ತಿತ್ತು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಸುಮಾರು 60 ಸಾವಿರ ಮೈಲಿಗೆ ಬದಲಾಗಬೇಕು. "ಇನ್ನೂ ಅರವತ್ತು ಸಾವಿರ ಆಗಿಲ್ಲವಲ್ಲ" ಎಂದರು ಮಾರುವವರು. ಬೆಲ್ಟಿಗೆ ಮೈಲಿಯ ಜೊತೆ ವಯಸ್ಸೂ ಆಗುತ್ತದೆ. ಎರಡು ದಶಕದ ಹಿಂದೆ ಫ್ಯಾಕ್ಟರಿಯಲ್ಲಿ ಹಾಕಿದ ಬೆಲ್ಟೇ ಇನ್ನೂ ಅದರಲ್ಲಿತ್ತು.

ಎರಡನೆಯದು ಓಡಿದ್ದು ಒಂದು ಲಕ್ಷದ ಇಪ್ಪತ್ತು ಸಾವಿರ ಮೈಲಿ. ಬಾನೆಟ್ಟಿನ ಮೇಲೆ ಕಲ್ಲು ಸಿಡಿದ ಗುರುತು, ಡ್ರೈವರ್ ಸೀಟಿನ ಹೊರಅಂಚು ಸವೆದು ನೂಲು ಕಾಣುತ್ತಿತ್ತು. ಮಾರುತ್ತಿದ್ದವರು ನಿವೃತ್ತರಾದ ಒಬ್ಬ ಅಜ್ಜ, ಮಂಡಿ ನೋವಿನಿಂದಾಗಿ ಇಷ್ಟು ಕೆಳಗಿನ ಸೀಟಿಗೆ ಹತ್ತಿ ಇಳಿಯುವುದು ಆಗುತ್ತಿಲ್ಲ ಎಂದರು. ಕಾರು ತೋರಿಸುವ ಮೊದಲು ಒಳಗೆ ಹೋಗಿ ದಪ್ಪನೆಯ ಫೈಲು ತಂದು ಡಿಕ್ಕಿಯ ಮೇಲೆ ಬಿಚ್ಚಿದರು. ಬೆಲ್ಟು ಮತ್ತು ವಾಟರ್ ಪಂಪ್ ಬದಲಿಸಿದ ರಸೀದಿ, ಹೊಸ ರೇಡಿಯೇಟರಿನದು, ಕ್ಲಚ್ ಸ್ಲೇವ್ ಸಿಲಿಂಡರಿನದು, ಪ್ರತಿ ಆಯಿಲ್ ಬದಲಾವಣೆಯ ಎದುರು ಪೆನ್ಸಿಲಿನಲ್ಲಿ ಬರೆದ ಓಡೋಮೀಟರ್ ಅಂಕಿ. ಬೆಲೆ ಮೊದಲಿನದಕ್ಕಿಂತ ಎರಡೂವರೆ ಸಾವಿರ ಕಡಿಮೆ. ನಾನು ಚೌಕಾಸಿ ಮಾಡಲಿಲ್ಲ. ಆ ರಸೀದಿಗಳ ಮೊತ್ತ ಕೂಡಿದರೆ ಕಾರಿನ ಬೆಲೆಯ ಅರ್ಧ ದಾಟುತ್ತಿತ್ತು, ಅವರಾಗಲೇ ಕೊಟ್ಟಾಗಿದ್ದ ದುಡ್ಡು ಅದು.

ಕಡಿಮೆ ಓಡಿದ ಹಳೆಯ ಕಾರಿಗೆ ಜಾಸ್ತಿ ದುಡ್ಡು ಕೊಡುವುದು ನಮ್ಮವರಿಗೆ ರೂಢಿಯಾಗಿ ಬಿಟ್ಟಿದೆ. ನಿಂತೇ ಇದ್ದ ಕಾರಿನ ಸೀಲು, ಹೋಸು, ಬುಶ್ಶುಗಳು ಓಡಿಸತೊಡಗಿದ ಮೊದಲ ವರ್ಷದಲ್ಲೇ ಒಂದೊಂದಾಗಿ ಕೈಕೊಡುತ್ತವೆ. ಸಂಗ್ರಹಕಾರನಿಗೆ ಅದು ಸರಿ. ಓಡಿಸುವವನು ಓಡಿದ ಕಾರನ್ನೇ ಕೊಳ್ಳಬೇಕು.

ನೋಡಲು ಹೋಗುವಾಗ ಒಂದು ಬಾಟಲಿ ನೀರು ಒಯ್ಯಿರಿ, ಕುಡಿಯುವುದಕ್ಕಲ್ಲ. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಬದಿಯ ಸಣ್ಣ ಕೊಳವೆಗಳಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಕ್ಕೆ ಉಕ್ಕಿ, ಬಾಗಿಲ ಕೆಳಗಿನ ಉಕ್ಕಿನ ಪೆಟ್ಟಿಗೆಯಂಥ ಭಾಗ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಕತೆ ಮುಗಿದಿರುತ್ತದೆ. ನಾನು ಅಜ್ಜನ ಅಪ್ಪಣೆ ಕೇಳಿ ಟಾಪಿನ ಬುಡಕ್ಕೆ ನಿಧಾನವಾಗಿ ನೀರು ಸುರಿದು, ಮೊಣಕೈ ಊರಿ ಕಾರಿನ ಕೆಳಗೆ ಬಗ್ಗಿದೆ. ಬಲಗಡೆ ತಕ್ಷಣ ಧಾರೆ ಬಿತ್ತು. ಎಡಗಡೆ ಮೊದಲು ಒಂದೆರಡು ಹನಿ, ಆಮೇಲೆ ಕೊಳೆತ ಪೈನ್ ಎಲೆಯ ಚೂರು, ಅದರ ಬೆನ್ನಿಗೆ ಕಂದು ನೀರು. ಸೀಟಿನ ಹಿಂದಿನ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿದೆ, ಒಣಗಿತ್ತು. ಬದುಕಿದೆ ಅಂದುಕೊಂಡೆ.

ಡಿಕ್ಕಿಯಲ್ಲೂ ಇಣುಕಬೇಕು. ಈ ತಲೆಮಾರಿನ ಮಿಯಾಟಾಗಳ ಬ್ಯಾಟರಿ ಇರುವುದು ಅಲ್ಲಿ. ಅದಕ್ಕೆಂದೇ ಬರುವ ಸೀಲ್ ಮಾಡಿದ ಬ್ಯಾಟರಿಯ ಬದಲು ಅಗ್ಗದ್ದನ್ನು ಕೂರಿಸಿದ್ದರೆ ಆಸಿಡ್ ಸೋರಿ ತಗಡು ತಿಂದಿರುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಕಪ್ಪಗಿರಬೇಕು, ಕಂದುಬಣ್ಣಕ್ಕೆ ತಿರುಗಿದ್ದರೆ ಒಡೆಯಲು ದಿನ ಎಣಿಸುತ್ತಿದೆ ಎಂದೇ ಲೆಕ್ಕ. ನಾನು ಬರುವ ಮೊದಲೇ ಎಂಜಿನ್ ಶುರು ಮಾಡಿ ಬಿಸಿ ಮಾಡಬೇಡಿ ಎಂದು ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ. ತಣ್ಣಗಿರುವಾಗ ಕೇಳುವ ಸದ್ದು, ಎಕ್ಸಾಸ್ಟಿನ ನೀಲಿ ಹೊಗೆ ಸುಳ್ಳು ಹೇಳುವುದಿಲ್ಲ. 1996ರ ನಂತರದ ಕಾರಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಓಬಿಡಿ-2 ಸಾಕೆಟ್ ಇರುತ್ತದೆ. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಚುಚ್ಚಿ ನೋಡಿ. ದೋಷದ ಕೋಡ್ ಇಲ್ಲವೆಂದು ಹಿಗ್ಗಬೇಡಿ. ಮಾನಿಟರುಗಳು "ರೆಡಿ" ಎಂದು ತೋರಿಸದಿದ್ದರೆ ಯಾರೋ ನಿನ್ನೆ ಮೊನ್ನೆ ಕೋಡ್ ಅಳಿಸಿರುವ ಸಾಧ್ಯತೆಯೇ ಹೆಚ್ಚು. ಇಷ್ಟಾದ ಮೇಲೂ ಇನ್ನೂರು ಮುನ್ನೂರು ಡಾಲರ್ ಕೊಟ್ಟು ನಿಮಗೆ ಸಂಬಂಧಪಡದ ಮೆಕ್ಯಾನಿಕ್ ಒಬ್ಬರಿಂದ ಕಾರನ್ನು ಲಿಫ್ಟಿಗೆ ಏರಿಸಿ ನೋಡಿಸಿ. ಅದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಡಿ.

ಯಾವ ವರ್ಷದ್ದು ಕೊಳ್ಳಬೇಕು? 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೋ ಶೋದಲ್ಲಿ ಬಂದ ಮೊದಲ ತಲೆಮಾರಿಗೆ ಮೇಲೇಳುವ ಹೆಡ್‌ಲೈಟು, ಅದರ ಮೋಹಕ್ಕೇ ಬೆಲೆ ಏರಿದೆ. ಅದರಲ್ಲೂ 1990 ಮತ್ತು 1991ರ ಆರಂಭದ ಕಾರುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡ, ಬೋಲ್ಟ್ ಸಡಿಲಾದರೆ ಎಂಜಿನ್ನೇ ಹಾಳು. 1999ರಿಂದ 2005ರವರೆಗಿನ ಎರಡನೆಯ ತಲೆಮಾರಿಗೆ ಆ ಹೆಡ್‌ಲೈಟಿಲ್ಲ, ಆದ್ದರಿಂದಲೇ ಅಗ್ಗ. ನನ್ನ ಮಟ್ಟಿಗೆ ದುಡ್ಡಿಗೆ ತಕ್ಕದ್ದು ಇದೇ. 2006ರ ಮೂರನೆಯದು ತುಸು ದೊಡ್ಡದು, ಎತ್ತರದವರಿಗೆ ಅನುಕೂಲ. 2016ರ ನಾಲ್ಕನೆಯದರಲ್ಲಿ ಮೊದಲೆರಡು ವರ್ಷದ ಮ್ಯಾನುಯಲ್ ಗೇರ್‌ಬಾಕ್ಸಿನ ದೂರುಗಳಿದ್ದವು, ಬದಲಿಸಿದ ದಾಖಲೆ ಕೇಳಿ.

ಮಿಯಾಟಾವೇ ಏಕೆ ಎಂದರೆ, 2016ರಲ್ಲೇ ಹತ್ತು ಲಕ್ಷ ದಾಟಿದ ಕಾರಿದು. ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳ ಖುಷಿಯನ್ನು, ಅವುಗಳ ಆಯಿಲ್ ಸೋರಿಕೆ ಬಿಟ್ಟು, ಮತ್ತೆ ಕೊಡಬೇಕೆಂಬ ಆಸೆಯಿಂದ ಹುಟ್ಟಿದ್ದು. ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತರು ಮಜ್ದಾಕ್ಕೆ ಸೇರಿ ಅದನ್ನು ಒತ್ತಾಯಿಸಿದವರು. ಅಷ್ಟು ಸಂಖ್ಯೆಯಲ್ಲಿ ಇರುವುದರಿಂದ ಬಿಡಿಭಾಗ ಅಗ್ಗ, ಗೊತ್ತಿರುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಸಿಗುತ್ತಾನೆ, ಮಾರಲು ಹೊರಟರೆ ಗಿರಾಕಿಗೆ ಕಾಯಬೇಕಿಲ್ಲ. ಹೋಂಡಾ ಎಸ್2000 ಒಳ್ಳೆಯ ಕಾರೇ. ಮೊದಲ ವರ್ಷಗಳ ಎಂಜಿನ್ 9,000 ಆರ್‌ಪಿಎಂ ಮುಟ್ಟುತ್ತದೆ, ಬೆಲೆಯೂ ಈಗ ಅದರ ಬೆನ್ನು ಹತ್ತಿ ಹೋಗಿದೆ. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಮಿಯಾಟಾದ ಬೆಲೆಗೇ ಕಣ್ಣಿಗೆ ಬೀಳುತ್ತದೆ, ಜೋಪಾನ. ಅದರ ಐಎಂಎಸ್ ಬೇರಿಂಗ್ ಹೋದರೆ ಎಂಜಿನ್ ಹೋದಂತೆ. ಬೆಲೆ ಇಳಿದರೂ ಬಿಡಿಭಾಗದ ಬಿಲ್ಲು ಪೋರ್ಷೆಯದೇ. ಬಿಎಂಡಬ್ಲ್ಯು ಝಡ್3ಯಲ್ಲಿ ಡಿಕ್ಕಿಯ ನೆಲದ ಬೆಸುಗೆ ಹರಿಯುವುದುಂಟು.

ಇನ್ನು ಕಾಗದ ಪತ್ರ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಯ ಪ್ರಮಾಣಪತ್ರ ಕೊಡಬೇಕಾದವನು ಮಾರುವವನು, ಅದು 90 ದಿನದೊಳಗಿನದಾಗಿರಬೇಕು. "ನೀವೇ ಮಾಡಿಸ್ಕೊಳ್ಳಿ, ಇನ್ನೂರು ಕಡಿಮೆ ಮಾಡ್ತೀನಿ" ಎಂದರೆ ಬೇಡ. ಟರ್ಬೊ ಹಾಕಿಸಿಕೊಂಡ, ಇಂಟೇಕ್ ಬದಲಿಸಿದ ಕಾರುಗಳಲ್ಲಿ ಆ ಭಾಗಕ್ಕೆ ರಾಜ್ಯದ ವಾಯುಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಪರೀಕ್ಷೆ ಪಾಸಾಗದು. ಬಾಕಿ ಉಳಿದ ರಿಜಿಸ್ಟ್ರೇಷನ್ ಶುಲ್ಕ ಕಾರಿನ ಜೊತೆಗೇ ನಿಮ್ಮ ತಲೆಗೆ ಬರುತ್ತದೆ. ಟೈಟಲ್ ಮೇಲೆ "ಸಾಲ್ವೇಜ್" ಎಂದಿದ್ದರೆ ಒಮ್ಮೆ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಗಾಡಿ ಅದು. ಅರ್ಧ ಬೆಲೆಗೆ ಕೊಂಡವನು ಮುಂದೆ ಅರ್ಧ ಬೆಲೆಗೇ ಮಾರಬೇಕು. ಕೊಂಡ 10 ದಿನದೊಳಗೆ ಹೆಸರು ಬದಲಾಯಿಸಬೇಕು. ನಮ್ಮೂರಿನ ಆರ್‌ಟಿಒ ಕಂಡವರಿಗೆ ಇದೇನೂ ಕಷ್ಟವೆನಿಸದು.

ವಿಮೆಯಲ್ಲಿ ಮಾತ್ರ ಸ್ವಲ್ಪ ತಲೆ ಓಡಿಸಿ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತವಾದರೆ ಕಂಪನಿ ಅಂದಿನ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ ಕೊಡುತ್ತದೆ. ಹಳೆಯ ಕಾರೆಂದರೆ ಆ ಲೆಕ್ಕ ಕೇಳುವ ಹಾಗಿರುವುದಿಲ್ಲ. ಹವ್ಯಾಸದ ಕಾರುಗಳಿಗೆಂದೇ ಇರುವ ಪಾಲಿಸಿಗಳಲ್ಲಿ ಮೊದಲೇ ಒಪ್ಪಿಕೊಂಡ ಮೊತ್ತ ಬರೆಸಬಹುದು. ದಿನದ ಓಡಾಟಕ್ಕೆ ಬೇರೆ ಕಾರಿರಬೇಕು ಎಂಬುದು ಅವರ ಸಾಮಾನ್ಯ ಷರತ್ತು, ಅದು ನಮಗೆ ಹೇಗೂ ಇದೆ. ಮೂರನೆಯವರಿಗಾಗುವ ಹಾನಿಗೆ ರಾಜ್ಯ ಕಡ್ಡಾಯ ಮಾಡಿರುವ ಕನಿಷ್ಠ ಮೊತ್ತ 2025ರಿಂದ ಏರಿದೆ. ಆದರೂ ಆ ಕನಿಷ್ಠಕ್ಕೇ ನಿಲ್ಲಬೇಡಿ, ಮನೆ ಉಳಿತಾಯ ಇರುವವರಂತೂ ನಿಲ್ಲಲೇಬಾರದು.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದರೆ, ಭಾನುವಾರ ಬೆಳಗ್ಗೆ ವುಡ್‌ಸೈಡಿನಿಂದ 84ನೇ ಹೆದ್ದಾರಿ ಹತ್ತಿ ಸ್ಕೈಲೈನ್ ಬುಲೆವಾರ್ಡಿಗೆ ಸೇರುವ ತಿರುವುಗಳು. 142 ಅಶ್ವಶಕ್ತಿ ಕೇಳಲು ಏನೂ ಅಲ್ಲ. ಟನ್ನಿಗಿಂತ ತುಸುವೇ ಹೆಚ್ಚು ತೂಗುವ ಕಾರಿನಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಕೈಗೆ ತಟ್ಟುವ ಖಟ್ ಎಂಬ ಹಿತಕ್ಕೆ ಪೊಲೀಸರು ಚೀಟಿ ಬರೆಯುವಷ್ಟು ವೇಗವೂ ಬೇಕಿಲ್ಲ. ಮಗಳು ಈಗ ಅಮ್ಮನ ಜೊತೆ ಸರದಿಗೆ ಜಗಳವಾಡುತ್ತಾಳೆ, ಇರುವುದು ಒಂದೇ ಸೀಟಲ್ಲವೇ.

ಕೊಳ್ಳುವುದಾದರೆ ನವೆಂಬರಿನಿಂದ ಜನವರಿಯೊಳಗೆ ಹುಡುಕಿ. ಮಳೆ ಚಳಿಗೆ ಟಾಪಿಲ್ಲದ ಕಾರು ಕೇಳುವವರು ಕಡಿಮೆ, ಸೋರುವ ಕಾರು ತಾನೇ ಹೇಳಿಕೊಳ್ಳುತ್ತದೆ. ನಿಮ್ಮಲ್ಲಿರುವ ಹಣದ ಐದರಲ್ಲೊಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಮುಟ್ಟದೆ ಇಡಿ. ಇಂಥ ಕಾರಿಗೆ ಸಾಲ ಮಾತ್ರ ಮಾಡಬೇಡಿ. ಕೈಯಲ್ಲಿ ನಗದಿಲ್ಲವೇ, ಇನ್ನೊಂದು ವರ್ಷ ಕಾಯಿರಿ. ಮಜ್ದಾ ಹತ್ತು ಲಕ್ಷಕ್ಕೂ ಹೆಚ್ಚು ಮಾಡಿದೆ, ಮುಗಿದುಹೋಗುವುದಿಲ್ಲ.