ಪಿಂಚಣಿ ಶಾಖೆಯ ಮೇಜಿನಿಂದ

ನಿಮ್ಮ ಪತ್ರದಲ್ಲಿ ನನಗೆ ತಾಗಿದ್ದು ಒಂದೇ ಸಾಲು: ‘ಅಜ್ಜಿ ಅಳುವಾಗ ನನಗೆ ಏನೂ ಅನ್ನಿಸಲಿಲ್ಲ.’ ತಾಲ್ಲೂಕು ಕಚೇರಿಯ ಪಿಂಚಣಿ ಶಾಖೆಯಲ್ಲಿ ಎರಡು ವರ್ಷ ಕೂತವರಿಗೆ ಹೀಗಾದರೆ ಅದು ಕಲ್ಲುಮನಸ್ಸಲ್ಲ, ದಣಿವು. ದಿನವಿಡೀ ಒಂದೇ ಪ್ರಶ್ನೆ, ‘ದುಡ್ಡು ಯಾಕೆ ಬಂದಿಲ್ಲ ಕಣಮ್ಮಾ?’ ಖಜಾನೆ, ಬ್ಯಾಂಕು, ಆಧಾರ್ ಯಾವುದೂ ನಿಮ್ಮ ಕೈಯಲ್ಲಿಲ್ಲ. ಬೈಗುಳ ಮಾತ್ರ ನಿಮ್ಮ ಮೇಜಿಗೆ.

ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಆ ಅಜ್ಜಿಯಂಥವರಿಗೆ ತಿಂಗಳ ಮಾತ್ರೆ, ಕಾಫಿಪುಡಿ, ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡುವ ಗತ್ತು. ನಿಂತಿತು ಎನ್ನುವ ಹಣ ಎಷ್ಟೋ ಸಲ ನಿಂತಿರುವುದೇ ಇಲ್ಲ. ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗಿ ಕೂತಿರುತ್ತದೆ. ಯಾವುದೋ ಶಿಬಿರದಲ್ಲಿ ಹೆಬ್ಬೆಟ್ಟೊತ್ತಿ ತೆರೆದ ಖಾತೆ, ಅಜ್ಜಿಗೇ ನೆನಪಿಲ್ಲ. ‘ಬ್ಯಾಂಕಿಗೆ ಹೋಗಿ’ ಅಂದುಬಿಡಬೇಡಿ. ಬ್ಯಾಂಕಿನ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ ಚೀಟಿಯಲ್ಲಿ ಬರೆದುಕೊಡಿ. ಅವರ ಓಡಾಟ ತಪ್ಪುತ್ತದೆ, ನಿಮ್ಮೆದುರಿನ ಸಾಲೂ ಕರಗುತ್ತದೆ. ಹೊಸ ಅರ್ಜಿಯಾದರೆ ಸಕಾಲ ಸಂಖ್ಯೆಯನ್ನು ದಪ್ಪಗೆ ಬರೆಯಿರಿ.

ದಾಖಲೆಯಲ್ಲಿ ತೀರಿಹೋದವರು ಕೋಲೂರಿಕೊಂಡು ಎದುರಿಗೇ ಬಂದು ನಿಂತರೆ? ಅವತ್ತೇ ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡಿ. ಅಂಥ ದಿನ ಟೀ ತಣ್ಣಗಾದರೂ ಪರವಾಗಿಲ್ಲ.

ಕೆಲಸ ಬಿಡುವ ಮಾತು ಈಗ ಬೇಡ. ಮೊದಲು ಒಂದು ವಾರ ರಜೆ ಹಾಕಿ. ಆಮೇಲೂ ಆಗದಿದ್ದರೆ ಬೇರೆ ಶಾಖೆ ಕೊಡಿ ಎಂದು ತಹಶೀಲ್ದಾರರನ್ನು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಭೂಮಿ ಶಾಖೆ ಕೇಳುವ ಮುನ್ನ ಯೋಚಿಸಿ: ಅಲ್ಲಿ ಅಳುವವರು ಕಡಿಮೆ, ಕಿರುಚುವವರೇ ಜಾಸ್ತಿ.