ಕಲಿಸಬಂದವನು ಮೊದಲು ಕಲಿಯತಕ್ಕದ್ದು

ಓದತಕ್ಕ ಭಾಗ: 1 ಕೊರಿಂಥ 9:19-23

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರು ಬಾಸೆಲ್ ಮಿಶನಿನಿಂದ ಕಳುಹಿಸಲ್ಪಟ್ಟು 1853ರಲ್ಲಿ ನಮ್ಮ ಕನ್ನಡ ಸೀಮೆಗೆ ಬಂದಾಗ 21 ವರುಷದ ಯೌವನಸ್ಥರಾಗಿದ್ದರು. ಸುವಾರ್ತೆಯನ್ನು ಸಾರಬಂದವರಿಗೆ ಇಲ್ಲಿಯ ಜನರ ಮಾತೇ ಹೊಸದಾಗಿತ್ತು. ಆದದರಿಂದ ಬೋಧಕರು ಮೊದಲು ಶಿಷ್ಯರಾಗಬೇಕಾಯಿತು. ಹೆಚ್ಚು ಜನರನ್ನು ಸಂಪಾದಿಸುವದಕ್ಕಾಗಿ ಪೌಲನು ಎಲ್ಲರಿಗೂ ದಾಸನಾದದ್ದು ಈ ರೀತಿಯೇ ಅಲ್ಲವೇ?

ಅಯ್ಯನವರು ಜನರ ಆಡುಮಾತಿಗೆ ಕಿವಿಗೊಟ್ಟರು. ಹಳಗನ್ನಡ ಗ್ರಂಥಗಳನ್ನೂ ಶ್ರದ್ಧೆಯಿಂದ ಅಭ್ಯಾಸಮಾಡಿ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅಚ್ಚು ಹಾಕಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಾಗ, ಅವರು ಈ ಸೀಮೆಗೆ ಬಂದು 41 ವರುಷಗಳಾಗಿದ್ದವು. ಅಷ್ಟು ಕಾಲವೂ ಅವರು ಕಲಿಯುವದನ್ನು ಬಿಡಲಿಲ್ಲ.

ಆದರೆ ಅವರಿಗೆ ಮಾತು ಕಲಿಸಿದವರು ಯಾರು? ಈ ನಾಡಿನ ಪಂಡಿತರೂ ಹಳ್ಳಿಯವರೂ ಅಲ್ಲವೇ? ಬೇರೆ ಸೀಮೆಯಿಂದ ಎಳೆಯ ಉಪದೇಶಿಯು ನಮ್ಮ ಸಭೆಗೆ ಬಂದು ಮಾತಿನಲ್ಲಿ ತಡವರಿಸಿದರೆ ನಾವು ನಗುತ್ತೇವೆ. ಹೀಗೆ ನಕ್ಕವರಲ್ಲಿ ನಾನೂ ಒಬ್ಬನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅವನನ್ನು ಜಗಲಿಯಲ್ಲಿ ಕೂರಿಸಿ ಒಂದೊಂದು ಮಾತನ್ನು ತಾಳ್ಮೆಯಿಂದ ತಿದ್ದಿಕೊಡುವದೂ ಕರ್ತನ ಸೇವೆಯೇ ಆಗಿದೆ.

ಪ್ರಶ್ನೆಗಳು:
1. ಪೌಲನು ಏತಕ್ಕಾಗಿ ಎಲ್ಲರಿಗೂ ದಾಸನಾದನು?
2. ಹೊಸದಾಗಿ ಬಂದ ಸೇವಕನಿಗೆ ನಿನ್ನ ಮನೆಯವರು ಈ ವಾರ ಏನು ಕಲಿಸಬಹುದು?